ಹಸಿದು ಏಳಬಾರದ ಮೇಜು

ಗಂಡನ ಅಕ್ಕ ಹಬ್ಬದೂಟಕ್ಕೆ ಬರುವಾಗ ಕೈಚೀಲದಲ್ಲಿ ಅಳತೆ ಟೇಪು ಇಟ್ಟುಕೊಂಡು ಬಂದರೆ ಯಾರಿಗೆ ಮೈ ಉರಿಯುವುದಿಲ್ಲ ಹೇಳಿ. ಇಮೋಜೀನ್ ಒಳಗೆ ಕಾಲಿಟ್ಟವಳೇ ಕೋಟು ಬಿಚ್ಚಿ ನನ್ನ ಗಂಡ ಆರ್ವಿಲ್‌ನ ತೋಳಿನ ಮೇಲೆ ಹಾಕಿದಳು. ತಾನಿರುವ ಲೆಕ್ಸಿಂಗ್ಟನ್ ಪಟ್ಟಣದ ಅಂಗಡಿಯಿಂದ ತಂದ ಕೇಕಿನ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. ನೇರ ಊಟದ ಕೋಣೆಗೆ ಹೋಗಿ ಮೇಜಿನ ಉದ್ದ ಅಳೆಯತೊಡಗಿದಳು.

“ಏನಿದು ಇಮೋಜೀನ್?” ಎಂದೆ.

“ಏನಿಲ್ಲ ಕಣೇ ನೆಲ್ಡಾ. ನಮ್ಮನೆ ಬಾಗಿಲಲ್ಲಿ ಹಿಡಿಸತ್ತೋ ಇಲ್ವೋ ಅಂತ ನೋಡ್ತಿದ್ದೆ.”

“ಇನ್ನೂ ಊಟಾನೇ ಆಗಿಲ್ಲವಲ್ಲೇ.”

“ಹೋದ ವರ್ಷಾನೂ ಆಗಲಿಲ್ಲವಲ್ಲ,” ಎಂದು ಟೇಪನ್ನು ಸರ್ರನೆ ಸುತ್ತಿಕೊಂಡಳು.

ಆ ಮೇಜನ್ನು ಮಾಡಿದವರು ನನ್ನ ಮಾವ. ಕಲ್ಲಿದ್ದಲ ಗಣಿಯಲ್ಲಿ ಮುಷ್ಕರ ನಡೆದು ಇಡೀ ಕಣಿವೆ ಕೆಲಸವಿಲ್ಲದೆ ಕೂತಿದ್ದ ವರ್ಷ, ಮನೆಯ ಹಿಂದಿನ ವಾಲ್ನಟ್ ಮರಕ್ಕೆ ಸಿಡಿಲು ಬಡಿಯಿತಂತೆ. ಮಾವ ಆ ಮರವನ್ನೇ ಕೊಯ್ದು ಹತ್ತು ಜನ ಕೂರುವ ಮೇಜು ಮಾಡಿದರು. ಮೇಲೆ ಇಡುವುದಕ್ಕೆ ಬೀನ್ಸ್ ಕಾಳು ಮತ್ತು ಮೆಕ್ಕೆಜೋಳದ ರೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಅತ್ತೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಕೂರಿಸುತ್ತಿದ್ದರು. ಸಾಯುವ ಮುಂಚೆ ಆ ಮೇಜನ್ನು ಹೆತ್ತ ಮಗಳಿಗೆ ಕೊಡದೆ ಸೊಸೆಯಾದ ನನಗೆ ಕೊಟ್ಟರು. ಕೊಡುವಾಗ ಎಲ್ಲರ ಮುಂದೆ ಒಂದು ಮಾತು ಹೇಳಿದರು: “ಈ ಮೇಜಿನಿಂದ ಯಾರೂ ಹಸಿದು ಏಳಬಾರದು. ಎದ್ದ ದಿನ ಮೇಜು ಬೇರೆ ಮನೆ ನೋಡ್ಕೊಳ್ಳತ್ತೆ.”

ಆ ಮಾತನ್ನು ಇಮೋಜೀನ್ ಸೆರಗಿನ ಗಂಟಿನ ಹಾಗೆ ಕಾಪಾಡಿಕೊಂಡು ಬಂದಳು. ಹೋದ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನನ್ನ ಟರ್ಕಿ ಕೋಳಿ ಹೊರಗೆಲ್ಲ ಹೊಂಬಣ್ಣವಾಗಿ ಒಳಗೆ ಮಂಜುಗಡ್ಡೆಯಾಗಿಯೇ ಉಳಿದಿತ್ತು. ಆರ್ವಿಲ್ ಕೊಯ್ಯಲು ಹೋದರೆ ಚಾಕು ಟಣ್ ಎಂದಿತು. ಮಿಕ್ಕಿದ್ದೆಲ್ಲ ಆ ಗಲಿಬಿಲಿಯಲ್ಲಿ ಒಲೆಯ ಮೇಲೆ ಸೀದುಹೋಯಿತು. ಕೊನೆಗೆ ಎಲ್ಲರೂ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದು ಮಲಗಿದರು. “ಅಮ್ಮನ ಮಾತು ಮಾತೇ,” ಎಂದು ಇಮೋಜೀನ್ ಅಂದೇ ಮೇಜು ಕೇಳಿದಳು. ಆರ್ವಿಲ್ ಅಕ್ಕನ ಕೈಕಾಲು ಹಿಡಿದು ಇನ್ನೊಂದು ವರ್ಷದ ಗಡುವು ತಂದ. ಈ ಸಲವೂ ಯಾರಾದರೂ ಹಸಿದು ಎದ್ದರೆ ಮೇಜು ಅವಳದು, ಅದಕ್ಕೆ ನಾನೂ ತಲೆಯಾಡಿಸಿದ್ದೆ.

ಹೀಗಿರುವಾಗ ಬುದ್ಧಿ ಇರುವವರು ಬಾಯಿ ಮುಚ್ಚಿಕೊಂಡು ಮನೆಮಂದಿಗೆ ಮಾತ್ರ ಅಡುಗೆ ಮಾಡಬೇಕು. ನನ್ನ ಕೈ ನನ್ನ ಬುದ್ಧಿಯ ಮಾತು ಕೇಳಿದ್ದು ಯಾವಾಗ? ಪಾದ್ರಿ ಒಂದು ಭಾನುವಾರ ಚರ್ಚಿನಲ್ಲಿ, “ಹಬ್ಬದ ರಜೆಗೆ ಕಾಲೇಜಿನ ಹಾಸ್ಟೆಲು ಮುಚ್ಚುತ್ತಾರೆ, ಹೊರದೇಶದ ಮಕ್ಕಳಿಗೆ ಹೋಗೋಕೆ ಮನೆ ಇಲ್ಲ, ಯಾರು ಕರೀತೀರಿ?” ಎಂದು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನನ್ನ ಕೈ ಮೇಲಿತ್ತು. ಪರದೇಶದವಳೊಬ್ಬಳು ಸಾಕ್ಷಿಯಾಗಿ ಕೂತು ಹೊಟ್ಟೆ ತುಂಬ ಉಂಡು ಎದ್ದರೆ ಇಮೋಜೀನಳ ಬಾಯಿಗೆ ಶಾಶ್ವತವಾಗಿ ಬೀಗ ಬೀಳುತ್ತದೆ ಎಂಬ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ.

ಬಂದ ಹುಡುಗಿಯ ಹೆಸರು ಹಿರುತ್, ಇಥಿಯೋಪಿಯಾದವಳು. ಕಾಲೇಜಿನಲ್ಲಿ ಮಣ್ಣಿನ ಬಗ್ಗೆ ಓದುತ್ತಾಳೆ. ತೆಳ್ಳಗೆ, ಉದ್ದಕ್ಕೆ, ಹೆಗಲ ಮೇಲೊಂದು ಬಿಳಿ ಶಾಲು. ಒಂದು ಬುಟ್ಟಿ ಕಿತ್ತಳೆ ಹಣ್ಣನ್ನು ಎರಡೂ ಕೈಯಿಂದ ನನಗೆ ಕೊಟ್ಟು ತಲೆ ಬಗ್ಗಿಸಿದಳು. ಆರ್ವಿಲ್‌ಗೆ ಅವಳು ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಮಣ್ಣಿನ ಮಾತು ಸಿಕ್ಕಿದ್ದೇ ತಡ, ಮೂವತ್ತು ವರ್ಷ ಮಣ್ಣಿನೊಳಗೇ ಇದ್ದ ನನ್ನ ಗಂಡ ಗಣಿಯ ಪುರಾಣ ಬಿಚ್ಚಿದ.

ಈ ಸಲ ಟರ್ಕಿಯನ್ನು ವಾರದ ಮೊದಲೇ ಫ್ರೀಜರಿನಿಂದ ಹೊರಗೆ ತೆಗೆದಿದ್ದೆ. ಮೂರು ಗಂಟೆಗೆ ಅದು ಒಲೆಯಿಂದ ಹೊರಬಂದಾಗ ನನಗೇ ಮುದ್ದಿಸಬೇಕೆನಿಸಿತು. ಆರ್ವಿಲ್ ಟೋಪಿ ತೆಗೆದು ಪ್ರಾರ್ಥನೆ ಹೇಳಿದ. ಚಾಕು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ನಾನು ಇಮೋಜೀನಳ ಮುಖವನ್ನೇ ನೋಡುತ್ತಿದ್ದೆ. ಅವಳು ತನ್ನ ಗಂಡ ಕ್ಲಿಫ್ಟನ್‌ಗೆ ಉಪ್ಪು ದಾಟಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಗೆದ್ದೆ ಎಂದುಕೊಂಡೆ. ಬಾಯಿಗೆ ಬಂದ ತುತ್ತು ಜಾರುವುದು ಇಂಥ ಹೊತ್ತಿನಲ್ಲೇ.

“ನೆಲ್ಡಾ,” ಎಂದಳು ಇಮೋಜೀನ್, ದನಿಯಲ್ಲಿ ಸಕ್ಕರೆ ಸುರಿಸುತ್ತ, “ನಿನ್ನ ಅತಿಥಿ ಒಂದು ತುತ್ತೂ ತಿಂದಿಲ್ಲವಲ್ಲೇ.”

ನೋಡಿದೆ. ಹಿರುತ್‌ಳ ತಟ್ಟೆ ತುಂಬಿತ್ತು. ಫೋರ್ಕು ಅದರ ಮೇಲೆ ಅತ್ತಿಂದಿತ್ತ ತಿರುಗಾಡುತ್ತಿತ್ತು, ಬಾಯಿಗೆ ಮಾತ್ರ ಹೋಗುತ್ತಿರಲಿಲ್ಲ. ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು ಇದ್ದ ಜಾಗ ಮಾತ್ರ ಖಾಲಿಯಾಗಿತ್ತು.

“ಹುಷಾರಿಲ್ವಾ ಮಗಳೇ?”

ಹುಡುಗಿಯ ಕಣ್ಣು ತುಂಬಿಕೊಂಡಿತು. “ದಯವಿಟ್ಟು ಬೇಜಾರು ಮಾಡ್ಕೋಬೇಡಿ ಮಿಸ್ ನೆಲ್ಡಾ. ನಮ್ಮ ಚರ್ಚಿನಲ್ಲಿ ಕ್ರಿಸ್‌ಮಸ್ ಮುಂಚಿನ ಉಪವಾಸ ಈ ವಾರ ಶುರುವಾಯ್ತು. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಮುಟ್ಟೋ ಹಾಗಿಲ್ಲ. ಹೇಳಿದ್ರೆ ನಿಮಗೆ ತೊಂದರೆ ಆಗತ್ತೆ, ಹೇಗೂ ತರಕಾರಿ ಇರತ್ತಲ್ಲ ಅಂತ ಸುಮ್ಮನೆ ಬಂದೆ.”

“ಅಷ್ಟೇನಾ!” ಎಂದೆ. ಹೋದ ಜೀವ ಬಂತು. “ಈ ಮೇಜಿನ ಮೇಲೆ ಅರ್ಧಕ್ಕರ್ಧ ತರಕಾರೀನೇ ಇದೆಯಲ್ಲೇ ಹುಚ್ಚಿ. ತಗೋ, ಹುರುಳಿಕಾಯಿ ತಗೋ.”

ಸೌಟು ತುಂಬ ಹುರುಳಿಕಾಯಿ ಪಲ್ಯ ಎತ್ತಿ ತಟ್ಟೆಗೆ ಹಾಕಿದೆ. ಅದರ ಜೊತೆ ಹೊಗೆ ಹಾಕಿದ ಹಂದಿಕಾಲಿನ ಒಂದು ಗುಲಾಬಿ ತುಂಡು ಪ್ಲಪ್ ಎಂದು ಬಿತ್ತು.

“ಅದು ಮಾಂಸ ಅಲ್ಲಮ್ಮ,” ಎಂದೆ. “ಅದು ರುಚಿಗೆ ಹಾಕಿದ್ದು.”

ನೀವು ನಗಬೇಡಿ. ನಮ್ಮ ಕಣಿವೆಯಲ್ಲಿ ಹುರುಳಿಕಾಯಿಯೊಳಗಿನ ಹಂದಿಕಾಲನ್ನು ಮಾಂಸ ಎಂದವರು ಇಲ್ಲ. ನನಗೂ ಆ ತುಂಡು ತಟ್ಟೆಯಲ್ಲಿ ಬಿದ್ದು ನನ್ನನ್ನೇ ನೋಡುವವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಮೇಜಿನ ಮೇಲಿದ್ದ ಒಂದೊಂದೇ ಪಾತ್ರೆ ನನ್ನ ಕಣ್ಣೆದುರೇ ಕೈಕೊಡುತ್ತ ಹೋಯಿತು. ಸೊಪ್ಪಿನೊಳಗೆ ಹಂದಿಮಾಂಸದ ಬೇಕನ್ ಇತ್ತು. ಆಲೂಗಡ್ಡೆ ಮುದ್ದೆಗೆ ಬೆಣ್ಣೆ, ಹಾಲು ಸುರಿದಿದ್ದೆ, ಸಿಹಿಗೆಣಸಿಗೂ ಬೆಣ್ಣೆಯೇ. ಬ್ರೆಡ್ಡಿನ ಹೂರಣ ಟರ್ಕಿಯ ರಸದಲ್ಲೇ ಮಿಂದಿತ್ತು. ಮೆಕ್ಕೆಜೋಳದ ರೊಟ್ಟಿಗೆ ಮಜ್ಜಿಗೆ, ಮೊಟ್ಟೆ, ಮೇಲೆ ಒಂದು ಚಮಚ ಹಂದಿ ಕೊಬ್ಬು. ಕಡೆಗೆ ಸೇಬಿನ ಪೈಯ ಹಿಟ್ಟನ್ನೂ ಹಂದಿ ಕೊಬ್ಬಿನಲ್ಲೇ ಕಲಸಿದ್ದೆ. ಕ್ರ್ಯಾನ್‌ಬೆರಿ ಗೊಜ್ಜು ಬಚಾವಾಗಿದ್ದು ಅದನ್ನು ನಾನು ಮಾಡದೆ ಡಬ್ಬಿಯಿಂದ ಬಗ್ಗಿಸಿದ್ದರಿಂದ.

“ಪಾಪ, ಹುಡುಗಿ ಹಸಿದೇ ಏಳ್ತಾಳಲ್ಲ,” ಎಂದಳು ಇಮೋಜೀನ್. ಅವಳ ಕೈ ಕೈಚೀಲದ ಮೇಲಿತ್ತು.

“ನನಗೆ ಹಸಿವೇ ಇಲ್ಲ,” ಎಂದು ಹಿರುತ್ ಏಳಲು ಹೊರಟಳು. ಪಾಪದವಳು ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಳು. ಬೆಳಿಗ್ಗೆಯಿಂದ ಅವಳು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

“ಕೂತ್ಕೋ!” ಎಂದು ನಾನು ಕಿರುಚಿದ್ದು ಕ್ಲಿಫ್ಟನ್‌ನ ಕೈಯ ಫೋರ್ಕು ಬೀಳುವ ಹಾಗಿತ್ತು. “ಯಾರೂ ಏಳಕೂಡದು! ಅತ್ತೆ ಹೇಳಿದ್ದು ಹಸಿದು ಏಳಬಾರದು ಅಂತ. ಹಸಿದು ಕೂರಬಾರದು ಅಂತ ಹೇಳಿಲ್ಲ. ನಾನು ಬರೋ ತನಕ ಎದ್ದವರ ಕಾಲು ಮುರೀತೀನಿ.”

“ನನಗೆ ಬಚ್ಚಲಿಗೆ ಹೋಗ್ಬೇಕಿತ್ತು,” ಎಂದ ಕ್ಲಿಫ್ಟನ್.

“ತಡ್ಕೋ.”

ಅಡುಗೆಮನೆಗೆ ಹೋಗಿ ನಿಂತೆ. ಬೆಣ್ಣೆ, ಹಾಲು, ಮೊಟ್ಟೆ, ಹಂದಿ ಬಿಟ್ಟು ನಾನು ಜನ್ಮದಲ್ಲಿ ಒಂದು ಅಡುಗೆ ಮಾಡಿಲ್ಲ. ಮೇಜು ಹೋದರೆ ಹೋಗಲಿ, ಆ ಮಗು ಹಸಿದ ಹೊಟ್ಟೆಯಲ್ಲಿ ನನ್ನ ಮನೆಯಿಂದ ಹೊರಡುತ್ತದಲ್ಲ! ಮುಷ್ಕರದ ವರ್ಷ ಅತ್ತೆಗೆ ಬೆಣ್ಣೆ ಎಲ್ಲಿತ್ತು, ಹಂದಿ ಎಲ್ಲಿತ್ತು? ಅವರು ಏನು ಹಾಕಿದರು ಜನರ ತಟ್ಟೆಗೆ? ಅಷ್ಟು ನೆನೆದದ್ದೇ ತಡ, ನನ್ನ ಕಾಲುಗಳು ತಾವಾಗಿ ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದವು.

ನೆಲಮಾಳಿಗೆಯಲ್ಲಿ ಸಾಲಾಗಿ ನನ್ನ ಜಾಡಿಗಳಿದ್ದವು. ಹಿತ್ತಲಲ್ಲಿ ಅಕ್ಟೋಬರಿಗೆ ಬಲಿಯುವ ಬೀನ್ಸ್ ಕಾಳನ್ನು ನಾನು ಬರೀ ಉಪ್ಪುನೀರಿನಲ್ಲಿ ಬೇಯಿಸಿ ಜಾಡಿಗೆ ತುಂಬುತ್ತೇನೆ, ಹಂದಿ ಬೀಳುವುದು ಒಲೆಗೆ ಇಟ್ಟಾಗ. ಕಾಳಿನ ಜಾಡಿಗಳನ್ನು ಎದೆಗೆ ಅವಚಿಕೊಂಡೆ. ಎಲೆಕೋಸು, ಹಸಿ ಟೊಮೆಟೊ ಹಾಕಿದ ಖಾರದ ಉಪ್ಪಿನಕಾಯಿಯ ಜಾಡಿಯೂ ಬಂತು. ಏಪ್ರನ್ ತುಂಬ ಆಲೂಗಡ್ಡೆ, ಈರುಳ್ಳಿ, ಸೇಬು ಸುರಿದುಕೊಂಡೆ. ಜೋಳದ ದಂಟಿನ ಜೋನಿಬೆಲ್ಲದ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೇಲೆ ಬಂದೆ.

ಕಾಳು ಒಂದು ಕಡೆ ಕುದಿಯಲು ಬಿಟ್ಟೆ. ಮೆಕ್ಕೆಜೋಳದ ಹಿಟ್ಟಿಗೆ ಉಪ್ಪು ಹಾಕಿ ಮರಳುವ ನೀರು ಸುರಿದು ಕಲಸಿದೆ. ಮುಷ್ಕರದ ಕಾಲದ ರೊಟ್ಟಿಗೆ ಅದಕ್ಕಿಂತ ಹೆಚ್ಚೇನೂ ಬೇಡ. ಬಿಸಿಗೆ ಅಂಗೈ ಕೆಂಪಾಯಿತು, ಲೆಕ್ಕಿಸಲಿಲ್ಲ. ಅತ್ತೆಯ ಬೀಡಿನ ಬಾಣಲೆಯನ್ನು ಒಲೆಯ ಮೇಲಿಟ್ಟು ಕಡಲೆಕಾಯಿ ಎಣ್ಣೆಯ ಡಬ್ಬ ಎತ್ತಿದವಳು ಹಾಗೇ ನಿಂತುಬಿಟ್ಟೆ.

ಆ ಬಾಣಲೆ ಮದುವೆಯಾಗಿ ಬಂದಾಗಿನಿಂದ ದಿನವೂ ಹಂದಿ ಕೊಬ್ಬು ಕುಡಿದಿದೆ. ನನಗಿಂತ ಮುಂಚೆ ಅತ್ತೆಯ ಕೈಯಲ್ಲಿ ಕುಡಿದಿದೆ. ಬಿಸಿಯಾದರೆ ಸಾಕು, ಬೇಕನ್ನಿನ ವಾಸನೆ ಏಳುತ್ತದೆ.

ಬಾಗಿಲು ತೆರೆದೇ ಇತ್ತು. ಆರ್ವಿಲ್ ಕೂತಲ್ಲಿಂದಲೇ ನನ್ನ ಸಂಕಟ ಅರ್ಥ ಮಾಡಿಕೊಂಡ. “ಮಾಡೇ ಮಾರಾಯ್ತಿ,” ಎಂದು ಪಿಸುಗುಟ್ಟಿದ, ಪಿಸುಗುಟ್ಟಿದ್ದು ಇಡೀ ಮನೆಗೆ ಕೇಳಿಸಿತು. “ಬಾಣಲೆ ತೊಳೆದಿದ್ದೀಯಲ್ಲ. ಅವಳಿಗೇನು ಗೊತ್ತಾಗತ್ತೆ?”

“ನನಗೆ ಗೊತ್ತಾಗತ್ತಲ್ಲ ಆರ್ವಿಲ್!”

ಬೇರೆ ಬಾಣಲೆ ಇರಲಿಲ್ಲ. ಇಲ್ಲ, ಒಂದಿತ್ತು. ಆಲಮಾರಿಯ ತಳದಲ್ಲಿ, ಹೊಳೆಯುವ ಕಾಗದದ ಡಬ್ಬಿಯೊಳಗೆ, ಇಮೋಜೀನ್ ನಾಲ್ಕು ಕ್ರಿಸ್‌ಮಸ್ ಹಿಂದೆ ಕೊಟ್ಟ ನಾನ್‌ಸ್ಟಿಕ್ ತವಾ. “ನಿನ್ನ ಆ ಕರೀ ಬಾಣಲೆ ಬಿಸಾಕೇ,” ಎಂದು ಹೇಳಿ ಕೊಟ್ಟಿದ್ದಳು. ಸತ್ತರೂ ಇದನ್ನು ಒಲೆಯ ಮೇಲೆ ಇಡಲಾರೆ ಎಂದು ಆ ದಿನವೇ ಶಪಥ ಮಾಡಿದ್ದೆ. ಹಸಿದವರ ಮುಂದೆ ಯಾವ ಶಪಥ? ಡಬ್ಬಿ ಹರಿದು ತವಾ ತೆಗೆದೆ.

ಕಾಗದ ಹರಿಯುವ ಸದ್ದಿಗೆ ಇಮೋಜೀನ್ ಕುತ್ತಿಗೆ ಉದ್ದ ಮಾಡಿದಳು. “ಅದು ನಾನು ಕೊಟ್ಟ ತವಾ ಅಲ್ವೇನೇ? ಇನ್ನೂ ಡಬ್ಬೀಲೇ ಇತ್ತಾ?”

“ಹಬ್ಬಕ್ಕೆ ಅಂತ ಜೋಪಾನ ಮಾಡಿದ್ದೆ.”

“ನಾಲ್ಕು ವರ್ಷದಲ್ಲಿ ಒಂದು ಹಬ್ಬಾನೂ ಬರಲಿಲ್ವಾ?”

“ಬಂತಲ್ಲ ಇವತ್ತು!”

ಆರ್ವಿಲ್ ಮೇಜಿಗೆ ತಲೆ ಇಟ್ಟುಕೊಂಡು ನಕ್ಕ. ಕಣ್ಣು ಒರೆಸಿಕೊಳ್ಳುತ್ತ ಹಿರುತ್ ಕೂಡ ಮೊದಲ ಸಲ ನಕ್ಕಳು. ಆ ನಗು ಕೇಳಿ ನನ್ನ ಕೈಗೆ ಆನೆಬಲ ಬಂತು. ರೊಟ್ಟಿಗಳು ಚುರ್ ಎಂದು ಎದ್ದವು, ಒಂದೂ ಅಂಟಲಿಲ್ಲ. ತವಾ ಒಳ್ಳೆಯದೇ, ಅದನ್ನು ಇಲ್ಲಿ ಹೇಳುತ್ತಿದ್ದೇನೆ, ಅವಳ ಮುಂದೆ ಹೇಳುವುದಿಲ್ಲ. ಆಲೂಗಡ್ಡೆ ಈರುಳ್ಳಿ ಕೆಂಪಗೆ ಹುರಿದೆ. ಸೇಬಿನ ಹೋಳುಗಳನ್ನು ಜೋನಿಬೆಲ್ಲದಲ್ಲಿ ಬಾಡಿಸಿದೆ. ಅಷ್ಟು ಹೊತ್ತೂ ಮೇಜಿನಿಂದ ಒಬ್ಬರೂ ಏಳಲಿಲ್ಲ, ಹಸಿದ ಹುಡುಗಿಯ ಮುಂದೆ ಒಬ್ಬರೂ ಟರ್ಕಿ ಮುಟ್ಟಲಿಲ್ಲ. ಕ್ಲಿಫ್ಟನ್ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಿದ್ದ.

ನಾನು ತಂದು ಇಟ್ಟಾಗ ಇಮೋಜೀನಳ ಮುಖ ಗಂಟಾಯಿತು. “ಹಬ್ಬದ ದಿನ ಬೀನ್ಸಾ? ಕೂಲಿ ಇಲ್ಲದ ವರ್ಷದ ಊಟಾನಾ? ಇದನ್ನ ನನ್ನ ತಟ್ಟೆ ಹತ್ತಿರ ತರಬೇಡ ಅಂತ ನಾನು ಹತ್ತು ವರ್ಷದವಳಿದ್ದಾಗಲೇ ಅಮ್ಮನಿಗೆ ಹೇಳಿದ್ದೆ. ಹೊರಗಿನವರ ಮುಂದೆ ನಮ್ಮ ಬಡತನ ಹರವಬೇಕಾ ನೆಲ್ಡಾ?”

ನಾನು ಹಳೇ ತಟ್ಟೆ ಎತ್ತಿ ಹುಡುಗಿಗೆ ಬೇರೆ ತಟ್ಟೆಯಲ್ಲಿ ಬಡಿಸಿದೆ. ಕಾಳು, ಮೇಲೆ ಹಸಿ ಈರುಳ್ಳಿ, ಪಕ್ಕಕ್ಕೆ ಉಪ್ಪಿನಕಾಯಿ, ಬಿಸಿ ರೊಟ್ಟಿ.

ಹಿರುತ್ ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು. “ಬೆಣ್ಣೆ?”

“ಇಲ್ಲ.”

“ರುಚಿಗೆ ಹಾಕಿದ್ದು?”

“ಅದೂ ಇಲ್ಲ ಕಣೇ ತುಂಟಿ! ಉಪ್ಪು, ನೀರು, ಎಣ್ಣೆ. ದೇವರಾಣೆ.”

“ಕೈಯಲ್ಲಿ ತಿನ್ನಬಹುದಾ ಮಿಸ್ ನೆಲ್ಡಾ?”

“ಮತ್ತೆ ಕೈ ಇರೋದು ಯಾತಕ್ಕೆ!”

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. ರೊಟ್ಟಿ ಮುರಿದು, ಕಾಳನ್ನು ಬಾಚಿ, ಉಪ್ಪಿನಕಾಯಿ ಸೋಕಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಇನ್ನೊಂದು ತುತ್ತು ತಿಂದಳು, ಮತ್ತೊಂದು ತಿಂದಳು. ತಟ್ಟೆ ಬರಿದಾಯಿತು. “ಇನ್ನೂ ಇದೆಯಾ?” ಎಂದಳು.

ಇದೆಯಾ ಎಂದರೆ! ಪಾತ್ರೆಯನ್ನೇ ಅವಳ ಮುಂದೆ ಎಳೆದಿಟ್ಟೆ. ಆರ್ವಿಲ್‌ಗೆ ತಡೆಯಲಾಗಲಿಲ್ಲ, ತನ್ನ ತಟ್ಟೆ ಚಾಚಿದ. ಅವನ ಹಿಂದೆಯೇ ಕ್ಲಿಫ್ಟನ್‌ನ ತಟ್ಟೆ ಬಂತು. ವಾರವಿಡೀ ನಾನು ಮಗುವಿನಂತೆ ಸಾಕಿದ ಟರ್ಕಿ ನಡುಮೇಜಿನಲ್ಲಿ ತಣ್ಣಗಾಗಿ ಕೂತಿತ್ತು, ಅದರ ಕಡೆ ನೋಡುವವರೇ ಇಲ್ಲ. ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ಅದನ್ನು ಕೇಳುತ್ತ ನಿಂತಿದ್ದೆ. ಅಂಥ ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹಿರುತ್‌ಳ ಕಣ್ಣು ಆಗ ಇಮೋಜೀನಳ ಖಾಲಿ ತಟ್ಟೆಯ ಮೇಲೆ ಬಿತ್ತು. “ನೀವು ಹಸಿದಿದ್ದೀರಿ,” ಎಂದಳು.

“ನಾನು ಇದನ್ನ ತಿನ್ನಲ್ಲಮ್ಮ.”

“ನಮ್ಮನೇಲಿ ಹಿರಿಯರು ತಿನ್ನದೆ ಕೂತರೆ ನಾವು ತಿನಿಸ್ತೀವಿ.” ಹುಡುಗಿ ರೊಟ್ಟಿ ಮುರಿದು ಕಾಳು ತುಂಬಿ ಒಂದು ದೊಡ್ಡ ತುತ್ತು ಕಟ್ಟಿದಳು. ಕೂತಲ್ಲಿಂದಲೇ ಮೇಜಿನ ಮೇಲೆ ಬಾಗಿ ಕೈ ಚಾಚಿ ಇಮೋಜೀನಳ ಬಾಯಿಯ ಹತ್ತಿರ ಹಿಡಿದಳು. ಲೆಕ್ಸಿಂಗ್ಟನ್ನಿನ ಮಹಿಳಾ ಸಂಘದ ಅಧ್ಯಕ್ಷೆ, ಬಾಳೆಹಣ್ಣನ್ನೂ ಫೋರ್ಕಿನಲ್ಲಿ ತಿನ್ನುವವಳು, ಬೇರೆಯವರ ಬೆರಳಿನಿಂದ ತುತ್ತು ತಗೊಳ್ಳುವುದುಂಟೆ? ಆ ಕೈ ಮಾತ್ರ ಹಿಂದೆ ಸರಿಯಲಿಲ್ಲ. ಇಮೋಜೀನ್ ಬೇರೆ ದಾರಿ ಕಾಣದೆ ಬಾಯಿ ತೆರೆದಳು.

ಅಗಿದಳು. ಅಗಿಯುವುದು ನಿಧಾನವಾಯಿತು. ಪುಡಿ ಹಚ್ಚಿದ ಕೆನ್ನೆಯ ಮೇಲೆ ನೀರಿಳಿಯಿತು.

“ಅಮ್ಮ ಹೀಗೇ ಮಾಡ್ತಿದ್ಲು,” ಎಂದಳು. ಆಮೇಲೆ, “ಮೊದಲು ನಮ್ಮಿಬ್ಬರ ಬಾಯಿಗೆ ಇಡ್ತಿದ್ಲು, ಅಲ್ವೇನೋ ಆರ್ವಿಲ್? ಅವಳು ತಿಂದಿದ್ದು ನಾನು ನೋಡಿದ ನೆನಪೇ ಇಲ್ಲ.”

ಆರ್ವಿಲ್ ತಲೆಯಾಡಿಸಿದ.

ಹಿರುತ್ ಆಗಲೇ ಎರಡನೆಯ ತುತ್ತು ಕಟ್ಟಿದ್ದಳು. “ಒಂದೇ ತುತ್ತು ತಿನಿಸಿದರೆ ಜಗಳ ಬರತ್ತೆ ಅಂತಾರೆ ನಮ್ಮೂರಲ್ಲಿ. ಎರಡನೇದು ತಿನ್ನಲೇಬೇಕು.”

“ಎರಡು ಸಾಲಲ್ಲ ಮಗಳೇ, ಮೂರು ಕೊಡು,” ಎಂದೆ. “ಇವಳ ಹತ್ತಿರ ಹಳೇ ಜಗಳಾನೂ ಬಾಕಿ ಇದೆ.”

“ಬಾಯಿ ಮುಚ್ಚೇ,” ಎಂದಳು ಇಮೋಜೀನ್, ತುಂಬಿದ ಬಾಯಲ್ಲಿ. “ಈರುಳ್ಳಿ ಇತ್ತ ಕೊಡು.”

ಪಾತ್ರೆಯ ತಳ ಕಂಡ ಮೇಲೆಯೇ ಎಲ್ಲರೂ ಎದ್ದದ್ದು. ಮೊದಲು ಎದ್ದವನು ಕ್ಲಿಫ್ಟನ್, ಎದ್ದವನು ಓಡಿದ.

ಹೊರಡುವಾಗ ಆರ್ವಿಲ್ ಅಕ್ಕನ ಕೋಟು ಹಿಡಿದು ನಿಂತು ಬೇಕೆಂದೇ ಕೆಣಕಿದ. “ಅಕ್ಕಾ, ಮೇಜಿನ ಅಗಲ ಅಳೆಯೋದು ಮರೆತೆಯಲ್ಲ.”

ಇಮೋಜೀನ್ ಅವನನ್ನು ದುರುಗುಟ್ಟಿ ನೋಡಿದಳು. ಕೈಚೀಲದಿಂದ ಟೇಪು ತೆಗೆದಳು, ಒಳಗೆ ಹೋಗಿ ಅಗಲವನ್ನೂ ಅಳೆದಳು. “ಅಮ್ಮನ ಮೇಜಿಗೆ ಪ್ಲಾಸ್ಟಿಕ್ ಹಾಳೆ ಹಾಸಿದಾಳಲ್ಲ ನಿನ್ನ ಹೆಂಡ್ತಿ, ಕಣ್ಣಲ್ಲಿ ನೋಡೋಕಾಗಲ್ಲ. ನಾನು ಅಳತೆ ತಗೊಂಡಿದ್ದೇ ಮೇಜುಬಟ್ಟೆಗೆ. ಬೇರೆ ಏನು ಅಂದ್ಕೊಂಡಿದ್ರಿ?”

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗೆದ್ದವರಿಗೆ ಅಷ್ಟು ದೊಡ್ಡ ಮನಸ್ಸು ಇರಬೇಕು.

ಡಿಸೆಂಬರಿನಲ್ಲಿ ಪಾರ್ಸೆಲ್ ಬಂತು. ಬಿಳಿ ಲಿನನ್ ಬಟ್ಟೆ, ಹಾಸಿದರೆ ನಾಲ್ಕೂ ಕಡೆ ಸಮನಾಗಿ ಇಳಿಬಿತ್ತು. ಅದನ್ನು ಹಾಸಿದ್ದು ಭಾನುವಾರ, ಹಿರುತ್ ಈಗ ವಾರವಾರ ಊಟಕ್ಕೆ ಬರುವ ದಿನ. ಅವಳ ಉಪವಾಸ ಇನ್ನೂ ಮುಗಿದಿರಲಿಲ್ಲ. ಅಷ್ಟು ಬೆಳ್ಳಗಿನ ಬಟ್ಟೆಯ ಮೇಲೆ ಮೊದಲು ಏನಿಡುವುದು ಎಂದು ಆರ್ವಿಲ್ ಅನುಮಾನಿಸುತ್ತಿದ್ದ. ನಾನು ಬೀನ್ಸ್ ಪಾತ್ರೆ ತಂದು ನಟ್ಟನಡುವೆ ಇಟ್ಟೆ.